ದಿಂಬಂ ಘಾಟಿಯಲ್ಲಿ ಒಂದು ಹಳೆಯ ಎಂಜಿನ್

ತಾಳವಾಡಿ ಸೀಮೆಯವರಾದ ನಮಗೆ ಹೊರಗೆ ಹೋಗಲು ಎರಡು ಮುಖ್ಯ ದಾರಿಗಳಿವೆ. ಮದುವೆ, ಸಂತೆ, ನಂಟಸ್ತನಕ್ಕೆ ಚಾಮರಾಜನಗರದ ದಾರಿ, ಅದರಲ್ಲಿ ಘಾಟಿಯಿಲ್ಲ. ಪಟ್ಟಾ, ಪರವಾನಗಿ, ಮೊಕದ್ದಮೆಗಳಿಗೆ ಸತ್ಯಮಂಗಲದ ದಾರಿ. ಅದರಲ್ಲಿ 27 ಹೇರ್‌ಪಿನ್ ತಿರುವುಗಳು. ಬಂಧುಬಳಗ ಒಂದು ಕಡೆ, ಸರಕಾರ ಇನ್ನೊಂದು ಕಡೆ ಇರುವ ಜನ ನಾವು. ವಕೀಲಿ ವೃತ್ತಿಯವನಾದ ನಾನು ವಾರಕ್ಕೆ ಎರಡು ಮೂರು ಸಲವಾದರೂ ಸರಕಾರದ ಕಡೆಗೆ ಇಳಿಯಲೇಬೇಕು.

ಅರೇಪಾಳ್ಯದ ಬಳಿ ಹೆದ್ದಾರಿಯನ್ನು ಸೇರಿ, ಹಾಸನೂರು ದಾಟಿ ಮುಂದೆ ಹೋದರೆ ಕಾಡು ದಟ್ಟವಾಗುತ್ತದೆ. 2013ರಿಂದ ಇದು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಕಬ್ಬಿನ ಲಾರಿಗಳ ವಾಸನೆ ಹಿಡಿದು ಆನೆಗಳು ರಸ್ತೆಯ ಅಂಚಿಗೆ ಬಂದು ನಿಲ್ಲುವುದು ಇಲ್ಲಿ ಸುದ್ದಿಯೇ ಅಲ್ಲ. ದಿಂಬಂ ಬಂದೊಡನೆ ಪೀಠಭೂಮಿ ಕತ್ತರಿಸಿಟ್ಟ ಹಾಗೆ ಮುಗಿದುಹೋಗುತ್ತದೆ. ಸಾವಿರ ಮೀಟರ್ ಮೀರಿದ ಆ ಅಂಚಿನಲ್ಲಿ ನಿಂತರೆ ಕೆಳಗೆ ಬಿಸಿಲಿನ ಬಯಲು, ದೂರದಲ್ಲಿ ಭವಾನಿಸಾಗರದ ನೀರಿನ ಹೊಳಪು. ಅಲ್ಲಿಂದ ಬಣ್ಣಾರಿ ಅಮ್ಮನ ಗುಡಿಯವರೆಗೆ ರಸ್ತೆ ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತ ಇಳಿಯುತ್ತದೆ.

ಈ ಘಾಟಿಯ ನೋಟವನ್ನು ಹಲವರು ವರ್ಣಿಸಿದ್ದಾರೆ. ನನಗೆ ಹೆಚ್ಚು ಪರಿಚಯವಿರುವುದು ಅದರ ಸದ್ದು. ಮೇಲಿನ ತಿರುವಿನಲ್ಲಿ ನಿಂತು ಕೇಳಿದರೆ, ಕಣ್ಣಿಗೆ ಬೀಳುವ ಮೊದಲೇ ಪ್ರತಿಯೊಂದು ವಾಹನವೂ ತನ್ನ ಸಮಾಚಾರವನ್ನು ತಾನೇ ಹೇಳಿಕೊಂಡು ಬರುತ್ತದೆ. ಹೊಸ ಕಾರು ಏನನ್ನೂ ಬಿಟ್ಟುಕೊಡದು. ಬಸ್ಸು ಗುಡುಗುತ್ತದೆ. ಹಳೆಯ ಅಂಬಾಸಿಡರ್ ಮಾತ್ರ ತನ್ನನ್ನು ನಡೆಸುತ್ತಿರುವವನು ಬಲ್ಲವನೋ ಅಲ್ಲವೋ ಎಂಬುದನ್ನು ಎರಡು ತಿರುವು ಮುಂಚಿತವಾಗಿಯೇ ಸಾರಿಬಿಡುತ್ತದೆ.

ನಮ್ಮ ಮನೆಯಲ್ಲಿರುವುದು 1977ರ ಅಂಬಾಸಿಡರ್ ಮಾರ್ಕ್ 3. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಂಶದ್ದು. ಕೋಲ್ಕತ್ತದ ಹತ್ತಿರದ ಉತ್ತರಪಾಡಾದಲ್ಲಿ ತಯಾರಾದದ್ದು. 2014ರಲ್ಲಿ ಆ ಕಾರ್ಖಾನೆ ಅಂಬಾಸಿಡರ್ ತಯಾರಿಕೆಯನ್ನೇ ನಿಲ್ಲಿಸಿತು. ಇದನ್ನು ಕೊಂಡವರು ನನ್ನ ದೊಡ್ಡಪ್ಪ. ನಮ್ಮ ಮೇಲ್ನಾಡಿನಲ್ಲಿ ಆಗ ಕಾರುಗಳು ಬೆರಳೆಣಿಕೆಯಷ್ಟು. ಆದ್ದರಿಂದ ಹೆರಿಗೆ ನೋವು ಕಾಣಿಸಿಕೊಂಡ ಹೆಣ್ಣುಮಕ್ಕಳು, ಹಾವು ಕಚ್ಚಿದವರು, ಪರೀಕ್ಷೆಯ ದಿನ ಬಸ್ಸು ತಪ್ಪಿಸಿಕೊಂಡ ಹುಡುಗರು ಎಲ್ಲರೂ ಒಂದಲ್ಲ ಒಂದು ಸಲ ಈ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತವರೇ. ದೊಡ್ಡಪ್ಪ ಬಾಡಿಗೆ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. ಇಂದಿಗೂ ನಮ್ಮೂರಿನಲ್ಲಿ ತಾವು ಈ ಕಾರಿನಲ್ಲಿಯೇ ಹುಟ್ಟಬೇಕಾಗಿದ್ದು ಸ್ವಲ್ಪದರಲ್ಲಿ ತಪ್ಪಿತೆಂದು ಹೇಳಿಕೊಳ್ಳುವ ಇಬ್ಬರಿದ್ದಾರೆ.

ಕಾರಿನ ಮುಂಭಾಗದ ಫಲಕದಲ್ಲಿ ವೇಗ ತೋರಿಸುವ ಮುಳ್ಳಿದೆ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮುಳ್ಳಿಲ್ಲ. ಅದನ್ನು ಕಿವಿಯೇ ಅಳೆಯಬೇಕು. ನಾನು ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ದೊಡ್ಡಪ್ಪ ಹೇಳುತ್ತಿದ್ದ ಮಾತು ಒಂದೇ: “ಮಂಡಿ ಮ್ಯಾಲೆ ಕೈ ಊರ್ಕಂಡು ಬೆಟ್ಟ ಹತ್ತೋ ಮುದುಕ್ರಂಗೆ ಗಾಡಿ ಏದುಸ್ರು ಬುಡ್ತಾ ಅದೆ ಅಂದ್ರೆ ಒಳ್ಗಡೆ ಸವೀತಾ ಅದೆ ಅಂತ ತಿಳ್ಕ ಕಣ್ಲಾ ಮಗ. ಗೇರ್ ಇಳ್ಸು. ಅದು ಹಾಡ್ಕಂಡು ಹತ್ಲಿ.”

ಈ ಮಾತು ನಮ್ಮ ಸಾಮಾನ್ಯ ತಿಳಿವಳಿಕೆಗೆ ವಿರುದ್ಧವಾದದ್ದು. ಹೆಚ್ಚು ತಿರುಗಿದರೆ ಹೆಚ್ಚು ಸವೆತ, ಕಡಿಮೆ ತಿರುಗಿದರೆ ಕಡಿಮೆ ಸವೆತ ಎಂಬುದು ಯಾರಿಗಾದರೂ ತೋಚುವ ಲೆಕ್ಕ. ದೊಡ್ಡಪ್ಪನ ಕಾಲಾನಂತರ ಕಾರನ್ನು ಕೆಲವು ವರ್ಷ ನಡೆಸಿದ ಚಾಲಕನೂ ಇದೇ ಲೆಕ್ಕದವನು. ಸಂಭಾವಿತ, ಒಂದು ದಿನವೂ ಬಿರುಸಾಗಿ ಓಡಿಸಿದವನಲ್ಲ. ಪೆಟ್ರೋಲ್ ಉಳಿಯಲೆಂದು, ಎಂಜಿನ್ನಿಗೆ ದಣಿವಾಗದಿರಲೆಂದು, ಬಣ್ಣಾರಿಯಿಂದ ದಿಂಬಂವರೆಗೆ ಸಾಧ್ಯವಾದಷ್ಟು ಮೂರನೆಯ ಗೇರಿನಲ್ಲಿಯೇ ನಿಧಾನವಾಗಿ ಹತ್ತಿಸುತ್ತಿದ್ದ.

ಕಳೆದ ಬೇಸಗೆಯಲ್ಲಿ ಎಂಜಿನ್ನಿನ ತಳದಿಂದ ಟೊಕ್ ಟೊಕ್ ಎಂಬ ಮಂದವಾದ ಬಡಿತ ಕೇಳತೊಡಗಿತು. ಸತ್ಯಮಂಗಲದಲ್ಲಿ ಅಂಬಾಸಿಡರ್ ಎಂಜಿನ್ನನ್ನು ಬಿಚ್ಚಿ ಜೋಡಿಸಬಲ್ಲ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಕೆಳಗಿಳಿದ ಒಂದು ದಿನ ಕಾರನ್ನು ಅಲ್ಲಿ ಬಿಟ್ಟು ನ್ಯಾಯಾಲಯಕ್ಕೆ ಹೋದೆ. ಸಂಜೆ ಬಂದಾಗ ಅವರು ಎಂಜಿನ್ನಿನ ಬೇರಿಂಗುಗಳನ್ನು ಹಳೆಯ ದಿನಪತ್ರಿಕೆಯ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದರು. “ವಕ್ಕೀಲ್ ಸಾರ್, ಸಾಕ್ಷಿಗಳು ಹಾಜರಿದ್ದಾರೆ” ಎಂದು ತಮಿಳಿನಲ್ಲಿ ನಗುತ್ತ ಹೇಳಿದರು. ಅವರು ಹೇಳಿದ್ದು ತಮಾಷೆಗೇ ಇರಬಹುದು. ಆದರೆ ಅಷ್ಟು ನಿಚ್ಚಳವಾಗಿ ನುಡಿಯುವ ಸಾಕ್ಷಿಯನ್ನು ನನ್ನ ವೃತ್ತಿಯಲ್ಲಿ ನಾನು ವಿರಳವಾಗಿ ಕಂಡಿದ್ದೇನೆ.

ಓದುಗರಲ್ಲಿ ಎಂಜಿನ್ನಿನ ಒಳಗನ್ನು ನೋಡದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಸಿಲಿಂಡರಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಅದನ್ನು ಕ್ರ್ಯಾಂಕ್ ದಂಡಕ್ಕೆ ಜೋಡಿಸುವುದು ಕನೆಕ್ಟಿಂಗ್ ರಾಡ್. ರಾಡ್ ಕ್ರ್ಯಾಂಕನ್ನು ಅಪ್ಪಿ ಹಿಡಿಯುವ ಜಾಗದಲ್ಲಿ ಎರಡು ಅರ್ಧಬಳೆಗಳಂತಹ ತೆಳುವಾದ ಬೇರಿಂಗ್ ಚಿಪ್ಪುಗಳಿರುತ್ತವೆ, ಮೇಲೊಂದು, ಕೆಳಗೊಂದು. ಪೆಟ್ರೋಲ್ ಉರಿದು ಪಿಸ್ಟನ್ನನ್ನು ಕೆಳಕ್ಕೆ ಒತ್ತಿದಾಗ ಆ ಭಾರ ಬೀಳುವುದು ಮೇಲಿನ ಚಿಪ್ಪಿನ ಮೇಲೆ. ಎಂಜಿನ್ ಅತಿ ಬಿರುಸಾಗಿ ತಿರುಗುವಾಗ ಮಾತ್ರ ಬೇರೆಯ ಸಂಗತಿ: ಮೇಲಕ್ಕೆ ಧಾವಿಸಿದ ಪಿಸ್ಟನ್ನನ್ನು ತಡೆದು ಹಿಂದಕ್ಕೆ ಎಳೆದುಕೊಳ್ಳಬೇಕಾದಾಗ ಸೆಳೆತವೆಲ್ಲ ಕೆಳಗಿನ ಚಿಪ್ಪಿನ ಮೇಲೆ ಬೀಳುತ್ತದೆ. ಅಂದಮೇಲೆ ಕೆಳಚಿಪ್ಪು ಹಾಳಾಗಿದ್ದರೆ ಅತಿವೇಗದ ಮೇಲೆ ಗುಮಾನಿ ಪಡಬೇಕು. ಮೇಲ್ಚಿಪ್ಪು ಹಾಳಾಗಿದ್ದರೆ ಮೇಲಿನ ಗೇರಿನಲ್ಲಿ ತಿಣುಕಿಸಿ ಹತ್ತಿಸಿದ್ದರ ಮೇಲೆ.

ದಿನಪತ್ರಿಕೆಯ ಮೇಲಿದ್ದ ನಾಲ್ಕು ಜೋಡಿಗಳಲ್ಲಿಯೂ ಕೆಳಚಿಪ್ಪುಗಳು ಬೂದುಬಣ್ಣದಲ್ಲಿ ನಯವಾಗಿದ್ದವು. ಮೇಲ್ಚಿಪ್ಪುಗಳಲ್ಲಿ ಬೂದುಬಣ್ಣದ ಲೇಪ ಸವೆದು ಒಳಗಿನ ತಾಮ್ರದ ಬಣ್ಣ ಕಾಣುತ್ತಿತ್ತು. ಬಿರುಸಾಗಿ ಓಡಿಸದ ಆ ಸಂಭಾವಿತನ ನಿಧಾನವೇ ಅಲ್ಲಿ ಅಚ್ಚಾಗಿತ್ತು.

ಇದು ಏಕೆ ಹೀಗೆ ಎಂಬುದನ್ನು ಶಾಲೆಯಲ್ಲಿ ಘರ್ಷಣೆಯ ಪಾಠ ಓದಿದ ಮಕ್ಕಳು ಸುಲಭವಾಗಿ ಗ್ರಹಿಸಬಲ್ಲರು. ಚೆನ್ನಾಗಿ ನಡೆಯುತ್ತಿರುವ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಉಕ್ಕು ಬೇರಿಂಗನ್ನು ಮುಟ್ಟುವುದೇ ಇಲ್ಲ. ಎರಡರ ನಡುವೆ ತಲೆಗೂದಲಿಗಿಂತ ಎಷ್ಟೋ ತೆಳುವಾದ ಎಣ್ಣೆಯ ಪೊರೆ ಇರುತ್ತದೆ. ಆ ಪೊರೆಯನ್ನು ಪಂಪು ಮಾತ್ರ ನಿಲ್ಲಿಸಲಾರದು; ತಿರುಗುವ ದಂಡವೇ ಎಣ್ಣೆಯನ್ನು ತನ್ನ ಅಡಿಗೆ ಎಳೆದುಕೊಂಡು ಅದರ ಮೇಲೆ ತೇಲುತ್ತದೆ. ಕೆರೆಯ ದಡದಲ್ಲಿ ಬಿಲ್ಲೆಗಲ್ಲು ಎಸೆಯುವ ಹುಡುಗರನ್ನು ನೋಡಿ. ವೇಗವಾಗಿ ಎಸೆದರೆ ಕಲ್ಲು ನೀರಿನ ಮೇಲೆ ಜಿಗಿಯುತ್ತ ಹೋಗುತ್ತದೆ, ಮೆಲ್ಲಗೆ ಎಸೆದರೆ ಮುಳುಗುತ್ತದೆ. ಹೋಲಿಕೆ ಪೂರ್ತಿ ಸರಿಯಲ್ಲವಾದರೂ ತೇಲಲು ವೇಗ ಬೇಕೆಂಬ ಅಂಶ ಎರಡಕ್ಕೂ ಒಂದೇ. ಜರ್ಮನಿಯ ಎಂಜಿನಿಯರ್ ರಿಚರ್ಡ್ ಸ್ಟ್ರಿಬೆಕ್ 1902ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ತೋರಿಸಿದವು. ಭಾರ ಹೆಚ್ಚಿದ್ದು ವೇಗ ಕಡಿಮೆಯಿದ್ದಾಗ ಬೇರಿಂಗಿನಲ್ಲಿ ಘರ್ಷಣೆ ಹೆಚ್ಚು. ವೇಗ ಏರಿದಂತೆ ಅದು ಇಳಿದು ಒಂದು ತಗ್ಗನ್ನು ಮುಟ್ಟುತ್ತದೆ. ಆಮೇಲೆ ನಿಧಾನವಾಗಿ ಮತ್ತೆ ಏರುತ್ತದೆ.

ಈಗ ಘಾಟಿಗೆ ಬರೋಣ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಮೂರನೆಯ ಗೇರಿನಲ್ಲಿ ಹತ್ತುವಾಗ ನಮ್ಮ ಕಾರಿನ ಎಂಜಿನ್ ನಿಮಿಷಕ್ಕೆ ಅಂದಾಜು 1100 ಸುತ್ತು ತಿರುಗುತ್ತಿರುತ್ತದೆ. ಅದೇ ವೇಗದಲ್ಲಿ ಎರಡನೆಯ ಗೇರಿನಲ್ಲಿ ಅಂದಾಜು 1600. ಏರು ಅದೇ, ಕಾರಿನ ತೂಕ ಅದೇ, ವೇಗವೂ ಅದೇ. ಆದ್ದರಿಂದ ಎಂಜಿನ್ ಒಟ್ಟಿನಲ್ಲಿ ಮಾಡಬೇಕಾದ ಕೆಲಸವೂ ಅಷ್ಟೇ. ಸುತ್ತುಗಳು ಕಡಿಮೆಯಾದರೆ ಪ್ರತಿಯೊಂದು ಸುತ್ತೂ ಸುಮಾರು ಒಂದೂವರೆ ಪಟ್ಟು ಬಲವಾಗಿ ದೂಡಬೇಕು. ಹೀಗೆ ಮೂರನೆಯ ಗೇರಿನಲ್ಲಿ ಚಿಪ್ಪಿನ ಮೇಲಿನ ಭಾರ ಒಂದೂವರೆ ಪಟ್ಟಾಗುತ್ತದೆ, ಆ ಭಾರವನ್ನು ಹೊರಬೇಕಾದ ಎಣ್ಣೆಯ ಪೊರೆಯನ್ನು ಕಟ್ಟುವ ವೇಗ ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ. ಎರಡು ನಷ್ಟಗಳೂ ಒಟ್ಟಿಗೆ. ಎಂಜಿನ್ ನಿಧಾನವಾದಾಗ ನೀರಿನ ಪಂಪು, ರೇಡಿಯೇಟರಿನ ಹಿಂದಿನ ಫ್ಯಾನು, ಎಣ್ಣೆಯ ಪಂಪು ಮೂರೂ ನಿಧಾನವಾಗುತ್ತವೆ, ಏಕೆಂದರೆ ಮೂರನ್ನೂ ತಿರುಗಿಸುವುದು ಆ ಎಂಜಿನ್ನೇ. ಶಾಖ ಏರಿ ಎಣ್ಣೆ ನೀರಾಗುತ್ತದೆ, ಪೊರೆ ಇನ್ನೂ ತೆಳುವಾಗುತ್ತದೆ. ಆಕ್ಸಿಲರೇಟರನ್ನು ತಳಕ್ಕೆ ಒತ್ತಿದಾಗ ಒಳಗಿನಿಂದ ಕಾಳು ಹುರಿದಂತೆ ಕಿಣಿಕಿಣಿ ಸದ್ದು ಬಂದರೆ ಇಂಧನ ಅಕಾಲದಲ್ಲಿ ಸಿಡಿಯುತ್ತಿದೆಯೆಂದೇ ಅರ್ಥ. ಆ ಏಟು ಬೀಳುವುದೂ ಅದೇ ಮೇಲ್ಚಿಪ್ಪಿನ ಮೇಲೆ.

ಹಾಗೆಂದು ಹೆಚ್ಚು ತಿರುಗಿಸಿದಷ್ಟೂ ಒಳ್ಳೆಯದೆಂದು ಯಾರೂ ಭಾವಿಸಬಾರದು. ಅಂಬಾಸಿಡರಿನ 1489 ಸಿಸಿ ಎಂಜಿನ್ನಿನಲ್ಲಿ ಪಿಸ್ಟನ್ ಒಂದು ಸಲ ಕ್ರಮಿಸುವ ದೂರ 88.9 ಮಿಲಿಮೀಟರ್, ಸಿಲಿಂಡರಿನ ಅಗಲಕ್ಕಿಂತ ಉದ್ದ ಹೆಚ್ಚು. ಒಂದು ಸುತ್ತಿಗೆ ಪಿಸ್ಟನ್ ಹೋಗಿ ಬರುವ ದೂರ 177.8 ಮಿಲಿಮೀಟರ್. ನಿಮಿಷಕ್ಕೆ 3000 ಸುತ್ತಿನಲ್ಲಿ, ಎಂದರೆ ಸೆಕೆಂಡಿಗೆ 50 ಸುತ್ತಿನಲ್ಲಿ, ಪಿಸ್ಟನ್ ಸೆಕೆಂಡಿಗೆ ಸರಾಸರಿ 8.89 ಮೀಟರ್ ಓಡುತ್ತದೆ. ಅದೇ ಕಾಲದ ಫಿಯೆಟ್ 1100ರಲ್ಲಿ ಈ ಓಟ 75 ಮಿಲಿಮೀಟರ್ ಮಾತ್ರ; ಅಷ್ಟೇ ಸುತ್ತಿಗೆ ಅದರ ಪಿಸ್ಟನ್ ಸೆಕೆಂಡಿಗೆ ಏಳೂವರೆ ಮೀಟರ್ ಓಡಿದರೆ ಸಾಕು. ಫಿಯೆಟ್ಟಿನವರು ಕಿರುಚಿಸಿಕೊಂಡು ಹೋದರೂ ನಡೆಯುತ್ತದೆ, ನಮಗೆ ನಡೆಯದು ಎಂದು ದೊಡ್ಡಪ್ಪ ಹೇಳುತ್ತಿದ್ದುದರ ಹಿಂದೆ ಈ ಲೆಕ್ಕವಿದೆ. ಇದಕ್ಕಿಂತ ಕಠಿಣವಾದ ಇನ್ನೊಂದು ಲೆಕ್ಕವೂ ಇದೆ. ಪಿಸ್ಟನ್ನನ್ನು ತಡೆದು ತಿರುಗಿಸುವ ಸೆಳೆತ ವೇಗದ ವರ್ಗಕ್ಕೆ ಅನುಗುಣವಾದದ್ದು: ಸುತ್ತು ಎರಡರಷ್ಟಾದರೆ ಸೆಳೆತ ನಾಲ್ಕರಷ್ಟು. ಈ ಎಂಜಿನ್ನಿನ ಕ್ರ್ಯಾಂಕ್ ದಂಡಕ್ಕೆ ಆಧಾರ ಮೂರೇ ಬೇರಿಂಗುಗಳು. ಅತಿಯಾಗಿ ತಿರುಗಿಸಿದರೆ ದಂಡವೇ ನಡುವೆ ಬಳುಕುತ್ತದೆ.

ವಾಲ್ವುಗಳದ್ದು ಬೇರೆಯೇ ಕಥೆ. 2000ದ ಫೆಬ್ರವರಿ 1ರಿಂದ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ಮಾರಾಟ ನಿಂತಿತು. ಮಕ್ಕಳ ಮೆದುಳಿಗೆ ವಿಷವಾದ ಸೀಸ ಹೋದದ್ದು ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯ ಎಂಜಿನ್ನುಗಳಲ್ಲಿ ಆ ಸೀಸದ ತೆಳುಲೇಪವೇ ವಾಲ್ವು ಕೂರುವ ಎರಕದ ಕಬ್ಬಿಣಕ್ಕೆ ಮೆತ್ತೆಯಾಗಿತ್ತು. ಅದು ಹೋದ ಮೇಲೆ ಬಿಸಿಯಾದ ವಾಲ್ವು ಪ್ರತಿ ಬಡಿತಕ್ಕೂ ತನ್ನ ಪೀಠವನ್ನು ಕಚ್ಚಿ ಕೊರೆಯುತ್ತದೆ. ಈ ಸವೆತಕ್ಕೆ ವೇಗವೇ ಮುಖ್ಯ ಕಾರಣ. ಊರ ದಾರಿಯಲ್ಲಿ ಮೆಲ್ಲಗೆ ಓಡುವ ಕಾರಿಗೆ ಅದು ವರ್ಷಗಟ್ಟಲೆ ಕಾಣಿಸದು. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಬಿರುಸಾಗಿ ಓಡಿದರೆ ಬೇಗ ಕಾಣಿಸುತ್ತದೆ. ಮೆಕ್ಯಾನಿಕ್ ಈ ಸಲ ಗಟ್ಟಿ ಉಕ್ಕಿನ ಪೀಠಗಳನ್ನೇ ಕೂರಿಸಿದ್ದಾರೆ.

ಬೇರಿಂಗಿಗೆ ಹೊಸದು ಹಾಕಬಹುದು. ಸಿಲಿಂಡರಿನ ವಿಷಯ ಹಾಗಲ್ಲ. ಪಿಸ್ಟನ್ ತನ್ನ ಓಟದ ತುದಿಯಲ್ಲಿ ಒಂದು ಕ್ಷಣ ನಿಂತು ಹಿಂದಿರುಗುತ್ತದೆಯಷ್ಟೆ. ನಿಂತಾಗ ಎಣ್ಣೆಯ ಪೊರೆ ಕುಸಿಯುತ್ತದೆ. ಒತ್ತಡವೂ ಶಾಖವೂ ಅತಿ ಹೆಚ್ಚಾಗಿರುವುದು ಆ ಗಳಿಗೆಯಲ್ಲಿಯೇ. ಆದ್ದರಿಂದ ಸಿಲಿಂಡರ್ ಮೇಲ್ತುದಿಯ ಬಳಿ ಹೆಚ್ಚು ಸವೆಯುತ್ತದೆ. ಮೆಕ್ಯಾನಿಕ್ ನನ್ನ ಉಗುರನ್ನು ಅಲ್ಲಿ ಹಾಯಿಸಿ ತೋರಿಸಿದರು, ಸಣ್ಣ ಮೆಟ್ಟಿಲಿನಂತೆ ತಡೆಯಿತು. ಸವೆದ ಸಿಲಿಂಡರನ್ನು ಸಮವಾಗಿ ಕೊರೆದು, ಇಂಚಿನ ಸಾವಿರದ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಭಾಗದಷ್ಟು ದಪ್ಪನೆಯ ಪಿಸ್ಟನ್ ಹಾಕುತ್ತಾರೆ. ಕೊರೆದ ಕಬ್ಬಿಣ ಮತ್ತೆ ಬಾರದು. ನಮ್ಮದು ಇಪ್ಪತ್ತಕ್ಕೆ ಮೊದಲೇ ಬಂದಿತ್ತು, ಈಗ ನಲವತ್ತಕ್ಕೆ ಹೋಯಿತು. “ಇದು ಕೊನೆಯದು ಸಾರ್. ಇನ್ನೊಮ್ಮೆ ಬಂದರೆ ಸ್ಲೀವ್ ಹಾಕಬೇಕು. ಹಾಕಿ ಕೊಡಲು ಆಗ ನಾನಿರುತ್ತೇನೋ ಇಲ್ಲವೋ” ಎಂದರು ಅವರು. ಅವರ ಮಕ್ಕಳು ಕೊಯಮತ್ತೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ.

ಮನೆಯಲ್ಲಿ ಇದರ ಮೇಲೆ ಚರ್ಚೆ ನಡೆದೇ ನಡೆಯಿತು. ಇಷ್ಟು ಖರ್ಚು ಏಕೆ, ಒಂದು ಕಡೆ ನಿಲ್ಲಿಸಿ ಹೊದಿಕೆ ಹೊದಿಸಿದರಾಯಿತಲ್ಲ ಎಂದು ನನ್ನಾಕೆ ಕೇಳಿದಳು. ಕಾನೂನಿನಲ್ಲಿಯೂ ಅಂಥದೇ ಒಂದು ಏರ್ಪಾಡಿದೆ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿ, ಮೂಲ ರೂಪದಲ್ಲಿಯೇ ಉಳಿದಿರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಮ್ಮದಕ್ಕೆ 2027ರಲ್ಲಿ ಐವತ್ತು ತುಂಬುತ್ತದೆ. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ಮೆರವಣಿಗೆ, ದುರಸ್ತಿ ಮುಂತಾದುವಕ್ಕೆ ಮಾತ್ರ ಹೊರತೆಗೆಯಬೇಕು. ಆ ಗೌರವ ನಮಗೆ ಬೇಡವೆಂದೆ. ಹೆರಿಗೆಗೆ ಜನರನ್ನು ಹೊತ್ತು ಇಳಿದ ಕಾರು ಪ್ರದರ್ಶನಕ್ಕೆ ನಿಲ್ಲುವುದನ್ನು ನನ್ನ ಮನಸ್ಸು ಒಪ್ಪದು. ನಿಲ್ಲಿಸಿದ ಎಂಜಿನ್ನೂ ಕೆಡುತ್ತದೆ ಎಂಬುದು ಬೇರೆ ಮಾತು.

ಮುಂಜಾನೆಯ ಚಳಿಯಲ್ಲಿ ಎಂಜಿನ್ ಚಾಲೂ ಮಾಡಿ, ಬಿಸಿಯಾಗಲೆಂದು ಅಂಗಳದಲ್ಲಿ ಕಾಲು ಗಂಟೆ ಬಿಟ್ಟು ಕಾಫಿ ಕುಡಿಯಲು ಹೋಗುವವರು ನಮ್ಮಲ್ಲಿ ಬಹಳ. ಇದೂ ದಯೆಯ ಹೆಸರಿನಲ್ಲಿ ನಡೆಯುವ ಹಿಂಸೆಯೇ. ಚೋಕ್ ಎಳೆದಾಗ ಹೆಚ್ಚಾಗಿ ಹೋಗುವ ಪೆಟ್ರೋಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆಯುತ್ತದೆ. ತಣ್ಣನೆಯ ಗೋಡೆಯ ಮೇಲೆ ಹೊಗೆಯ ತೇವ ಆಮ್ಲವಾಗಿ ಕೂರುತ್ತದೆ. ತಂಪಾದ ಎಂಜಿನ್ನನ್ನು ಆಮ್ಲವೇ ತಿನ್ನುತ್ತದೆಂದು 1930ರ ದಶಕದಲ್ಲಿಯೇ ಬ್ರಿಟನ್ನಿನ ಸಂಶೋಧಕರು ತೋರಿಸಿದ್ದರು. ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಹೊರಟುಬಿಡುವುದೇ ಲೇಸು. ಓಡುತ್ತಲೇ ಅದು ಬೇಗ ಬಿಸಿಯಾಗುತ್ತದೆ. ವಾಲ್ವುಗಳನ್ನು ಎತ್ತುವ ಕ್ಯಾಮಿನ ತುದಿಯ ಮೇಲೆ ಸ್ಪ್ರಿಂಗಿನ ಒತ್ತಡ ಅತಿ ಹೆಚ್ಚಾಗಿರುವುದೂ ಎಂಜಿನ್ ಅತಿ ನಿಧಾನವಾಗಿ ತಿರುಗುವಾಗಲೇ.

ಘಾಟಿಯಲ್ಲಿ ನಿಂತು ಕಾಯುವ ಸಂದರ್ಭ ಈಗ ಹೆಚ್ಚು. ಮದರಾಸು ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಕಾಡುಪ್ರಾಣಿಗಳ ದೃಷ್ಟಿಯಿಂದ ಅದು ಅಗತ್ಯವೇ ಆಗಿತ್ತು. ಆದರೆ ಬೆಳಗ್ಗೆ ಲಾರಿಗಳೆಲ್ಲ ಒಟ್ಟಿಗೇ ಹೊರಡುತ್ತವೆ. ಉದ್ದನೆಯ ಲಾರಿಯೊಂದು ತಿರುವಿನಲ್ಲಿ ಸಿಕ್ಕಿಕೊಂಡರೆ ಹಿಂದೆ ಸಾಲು ಬೆಳೆಯುತ್ತದೆ. ಅಂಥಲ್ಲಿ ಕೈಬ್ರೇಕ್ ಹಾಕಿ, ಗೇರಿನಲ್ಲಿಟ್ಟು ಎಂಜಿನ್ನನ್ನು ಆರಿಸಿಬಿಡುತ್ತೇನೆ. ಬಿಸಿಯಾದ ಎಂಜಿನ್ ಸುಮ್ಮನೆ ತಿರುಗುತ್ತ ನಿಂತರೆ ಎಣ್ಣೆಯ ಒತ್ತಡ ತಳ ಕಾಣುತ್ತದೆ. ಪರ್ವತದ ರಸ್ತೆಯಲ್ಲಿ ಇಳಿಯುವವನು ಹತ್ತುವವನಿಗೆ ದಾರಿ ಬಿಡಬೇಕೆಂಬ ನಿಯಮವನ್ನು ಬಲ್ಲವರು ಇಲ್ಲಿ ಎಷ್ಟು ಮಂದಿಯೋ ಕಾಣೆ. ಆ ನಿಯಮಕ್ಕೆ ಸೌಜನ್ಯವೊಂದೇ ಕಾರಣವಲ್ಲ. ಏರಿನಲ್ಲಿ ನಿಂತ ಗಾಡಿ ಮತ್ತೆ ಹೊರಡುವಾಗ ಕ್ಲಚ್ಚೂ ಎಂಜಿನ್ನೂ ಪಡುವ ಪಾಡು ಇಳಿಯುವವನಿಗಿಲ್ಲ.

ಇಳಿಯುವಾಗಿನ ಪಾಠ ಚಿಕ್ಕದು: ಹತ್ತುವ ಗೇರಿನಲ್ಲಿಯೇ ಇಳಿಯಬೇಕು. ನ್ಯೂಟ್ರಲ್ ಹಾಕಿ ಬ್ರೇಕಿನ ಮೇಲೆ ಇಳಿದವರ ಪರಿಹಾರದ ಅರ್ಜಿಗಳನ್ನು ಅವರ ಮನೆಯವರ ಪರವಾಗಿ ನಾನು ಬರೆದಿದ್ದೇನೆ. ಆಕ್ಸಿಲರೇಟರ್ ಬಿಟ್ಟ ಎಂಜಿನ್ನಿನಲ್ಲಿ ಉರಿಯ ಒತ್ತಡವಿರುವುದಿಲ್ಲ, ಆದ್ದರಿಂದ ಸದ್ದು ಹೆಚ್ಚಾದರೂ ಸವೆತ ಅಲ್ಪ. ಬಣ್ಣಾರಿಯ ಬಳಿ ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಹಿಂದೆ ನೀಲಿ ಹೊಗೆ ಹೊರಟರೆ, ಇಳಿಯುವಾಗ ವಾಲ್ವಿನ ಸಂದಿಯಿಂದಲೋ ಪಿಸ್ಟನ್ ಬಳೆಗಳ ಪಕ್ಕದಿಂದಲೋ ಎಣ್ಣೆ ಒಳಕ್ಕೆ ಸೆಳೆಯಲ್ಪಟ್ಟಿದೆಯೆಂದು ತಿಳಿಯಬೇಕು.

ಕೆಲಸ ಮುಗಿದು ಕಾರು ಕೈಗೆ ಬಂದ ದಿನ ಮಗಳನ್ನು ಕರೆದುಕೊಂಡು ಹೋಗಿದ್ದೆ. ನಮ್ಮೂರ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ. ಹೊಸದಾಗಿ ಕೊರೆದ ಸಿಲಿಂಡರೂ ಹೊಸ ಬಳೆಗಳೂ ಒಂದಕ್ಕೊಂದು ಹೊಂದಿಕೊಳ್ಳುವವರೆಗೆ, ಮೊದಲ 500 ಕಿಲೋಮೀಟರ್, ತಿಣುಕಿಸಲೂ ಬಾರದು, ಕಿರುಚಿಸಲೂ ಬಾರದು, ಒಂದೇ ವೇಗದಲ್ಲಿ ಎಳೆಯಲೂ ಬಾರದು ಎಂದು ಮೆಕ್ಯಾನಿಕ್ ಕಟ್ಟಪ್ಪಣೆ ಮಾಡಿದ್ದರು. ಅವಳು ನೋಟುಬುಕ್ಕಿನಲ್ಲಿ ಕಿಲೋಮೀಟರ್ ಬರೆದುಕೊಳ್ಳುವ ಹೊಣೆ ಹೊತ್ತಳು. ಬಣ್ಣಾರಿಯಲ್ಲಿ ನಿಂಬೆಹಣ್ಣು ಇಟ್ಟು, ಕೈಮುಗಿದು, ಏರು ಹಿಡಿದೆವು. ಆರೇಳು ತಿರುವು ಕಳೆದ ಮೇಲೆ ರಸ್ತೆ ಸ್ವಲ್ಪ ಸಮವಾಯಿತೆಂದು ಮೂರಕ್ಕೆ ಹಾಕಿದೆ. ಮುಂದಿನ ಏರು ಶುರುವಾಗಿ ಸದ್ದು ತುಸು ಭಾರವಾಗುತ್ತಿದ್ದಂತೆ, ಪುಸ್ತಕದಿಂದ ತಲೆಯೆತ್ತದೆಯೇ, “ಅಪ್ಪಾ, ಎರಡು” ಎಂದಳು. ಗೇರ್ ಇಳಿಸಿದೆ.

ಮನೆ ಮುಟ್ಟಿದಾಗ ಕತ್ತಲಾಗಿತ್ತು. ನೋಟುಬುಕ್ಕಿನ ಮೊದಲ ಸಾಲಿನಲ್ಲಿ 60 ಎಂದು ಬರೆದು, ಪಕ್ಕದಲ್ಲಿ ಬಾಕಿ 440 ಎಂದು ಗುರುತು ಹಾಕಿದಳು.